ಹಂದಿಗೋಡಿನ ನೋವು ಮತ್ತು ನಮ್ಮ ಪಾಲಿನ ಹೊಣೆ



ಬೇಸಿಗೆಯ ರಜೆಯಲ್ಲಿ ತಾಯ್ನಾಡಿಗೆ ತೆರಳುವ ನಮ್ಮ ಕುಟುಂಬಗಳ ಪ್ರವಾಸದ ಪಟ್ಟಿಯಲ್ಲಿ ಸಾಗರ ತಾಲ್ಲೂಕಿಗೆ ಬಹುಮಟ್ಟಿಗೆ ಒಂದು ಸ್ಥಾನವಿದ್ದೇ ಇರುತ್ತದೆ. ಮಳೆಗಾಲದಲ್ಲಿ ಮೈದುಂಬಿದ ಜೋಗವನ್ನು ಮಕ್ಕಳಿಗೆ ತೋರಿಸುತ್ತೇವೆ. ಇಕ್ಕೇರಿಯ ಅಘೋರೇಶ್ವರನ ಗುಡಿಯಲ್ಲಿ ಕೈಮುಗಿಯುತ್ತೇವೆ. ಹೆಗ್ಗೋಡಿನ ನೀನಾಸಂ ರಂಗಮಂದಿರದ ಮುಂದೆ ನಿಂತು, ಇಷ್ಟು ಚಿಕ್ಕ ಊರಿನಿಂದ ಇಷ್ಟು ದೊಡ್ಡ ಕೆಲಸ ನಡೆಯಿತೇ ಎಂದು ಬೆರಗಾಗುತ್ತೇವೆ. ಬಳಿಕ ಫ್ರೀಮಾಂಟಿಗೋ ಸನಿವೇಲಿಗೋ ಹಿಂದಿರುಗಿ ಚಿತ್ರಗಳನ್ನು ಬಂಧುಮಿತ್ರರೊಡನೆ ಹಂಚಿಕೊಳ್ಳುತ್ತೇವೆ.

ಅದೇ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಊರೊಂದಿದೆ. ನಮ್ಮ ಪ್ರವಾಸದ ಪಟ್ಟಿಯಲ್ಲಿ ಅದರ ಹೆಸರು ಇರುವುದಿಲ್ಲ. ಆದರೆ ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ಅದರ ಹೆಸರಿದೆ, ಅದೂ ಒಂದು ರೋಗದ ಹೆಸರಾಗಿ. ಒಂದು ಊರಿಗೆ ಇಂತಹ ಪ್ರಸಿದ್ಧಿ ಬರಬಾರದಾಗಿತ್ತು. ಬಂದಮೇಲಾದರೂ ಅದನ್ನು ನಾವು ಅರಿತಿರಬೇಕು ಎಂಬ ಅಭಿಪ್ರಾಯದಿಂದ ಈ ಲೇಖನವನ್ನು ನಿಮ್ಮ ಮುಂದಿಡುತ್ತಿದ್ದೇವೆ.

1970ರ ದಶಕದ ಮಧ್ಯಭಾಗದಲ್ಲಿ ಹಂದಿಗೋಡು ಮತ್ತು ಸುತ್ತಲಿನ ಊರುಗಳಲ್ಲಿ ಹಲವರು ಸೊಂಟ ಹಾಗೂ ಮೊಣಕಾಲಿನ ಕೀಲುಗಳ ತೀವ್ರ ನೋವಿನಿಂದ ನರಳುತ್ತಿರುವುದು ವೈದ್ಯರ ಗಮನಕ್ಕೆ ಬಂದಿತು. ನಡಿಗೆ ಕುಂಟಾಗುತ್ತಿತ್ತು. ಕೆಲವರ ಬೆನ್ನು ಬಾಗುತ್ತಿತ್ತು. ಕೆಲವು ಮನೆಗಳಲ್ಲಿ ಮಕ್ಕಳ ಎತ್ತರವೇ ಕುಂಠಿತವಾಗಿತ್ತು. ಹೀಗೆ ಬಾಧಿತರಾದವರಲ್ಲಿ ಹೆಚ್ಚಿನವರು ಚನ್ನಂಗಿ ಮತ್ತು ಛಲವಾದಿ ಎಂಬ ದಲಿತ ಸಮುದಾಯಗಳಿಗೆ ಸೇರಿದ, ಗದ್ದೆ ತೋಟಗಳಲ್ಲಿ ದುಡಿದು ಬದುಕುವ ಜನ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಬಂದು ಪರೀಕ್ಷಿಸಿದರು. ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಅದನ್ನು ಕರೆದರು. ಕೀಟನಾಶಕ ಬೆರೆತ ಗದ್ದೆಯ ಏಡಿಗಳನ್ನು ತಿಂದುದರಿಂದ ಈ ಬಾಧೆ ಬಂದಿರಬಹುದೆಂಬ ಊಹೆ ಬಹುಕಾಲ ಪ್ರಚಾರದಲ್ಲಿತ್ತು. 1990ರ ದಶಕದ ಅಧ್ಯಯನಗಳು ವಂಶವೃಕ್ಷಗಳನ್ನೂ ಎಕ್ಸ್‌ರೇಗಳನ್ನೂ ಜೊತೆಯಲ್ಲಿಟ್ಟು ನೋಡಿ, ಇದು ಆನುವಂಶಿಕವಾದ ಅಸ್ಥಿರೋಗವೆಂದು ತೋರಿಸಿಕೊಟ್ಟವು. ಬೆನ್ನುಮೂಳೆಯ ಮಣಿಗಳೂ ಉದ್ದಮೂಳೆಗಳ ತುದಿಗಳೂ ಸರಿಯಾಗಿ ಬೆಳೆಯದಿರುವುದು ಇದರ ಲಕ್ಷಣ. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಊಹೆಯಿಂದ ಈ ತಿಳಿವಿಗೆ ಬರಲು ಸುಮಾರು ಎರಡು ದಶಕಗಳು ಹಿಡಿದವು. ಅಷ್ಟರೊಳಗೆ ಒಂದು ತಲೆಮಾರು ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತಿತ್ತು. ರೋಗವನ್ನು ಬುಡಸಹಿತ ಗುಣಪಡಿಸುವ ಔಷಧ ಈಗಲೂ ಇಲ್ಲ.

ಸಾಗರದ ಈ ಕಥೆಗೂ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ ನೆಲೆಸಿರುವ ನಮಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಅದನ್ನು ವಿವರಿಸಲು ದೇಹದ ರಚನೆಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗುತ್ತದೆ.

ದೇಹವು ಜೀವಕೋಶಗಳಿಂದ ಆಗಿದೆಯೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಕೋಶಗಳಷ್ಟೇ ಇದ್ದಿದ್ದರೆ ನಾವು ನಿಲ್ಲುತ್ತಿರಲಿಲ್ಲ, ಕುಸಿದು ಬೀಳುತ್ತಿದ್ದೆವು. ಕೋಶಗಳ ಹೊರಗೆ, ಅವುಗಳ ನಡುವೆ, ಕೋಶಗಳೇ ನೇಯ್ದುಕೊಂಡ ಒಂದು ಹಂದರವಿದೆ. ವಿಜ್ಞಾನಿಗಳು ಅದನ್ನು ಕೋಶಬಾಹ್ಯ ಮಾತೃಕೆ ಎನ್ನುತ್ತಾರೆ. ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜು, ಚರ್ಮದ ಒಳಪದರ ಮುಂತಾದ ಸಂಯೋಜಕ ಅಂಗಾಂಶಗಳಲ್ಲಿ ಕೋಶಗಳಿಗಿಂತ ಈ ಹಂದರದ ಪಾಲೇ ಹೆಚ್ಚು. ಇದರ ಮುಖ್ಯ ಎಳೆ ಕೊಲಾಜೆನ್ ಎಂಬ ಪ್ರೋಟೀನು. ನಮ್ಮ ದೇಹದ ಪ್ರೋಟೀನಿನಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇದೊಂದೇ ಕುಲದ್ದು. ಇದರಲ್ಲಿ ಇದುವರೆಗೆ 28 ಬಗೆಗಳನ್ನು ಗುರುತಿಸಿದ್ದಾರೆ. ಮೊದಲನೆಯ ಬಗೆಯ ಕೊಲಾಜೆನ್ನಿನ ಜೀನ್‌ಗಳಲ್ಲಿ ಒಂದು ಅಕ್ಷರ ತಪ್ಪಿದರೂ ಮೂಳೆಗಳು ಗಾಜಿನಂತೆ ಮುರಿಯುವ ರೋಗ ಬರಬಹುದು. ಎರಡನೆಯ ಬಗೆಯದು ಕೆಟ್ಟರೆ ಮೃದ್ವಸ್ಥಿಯೂ ಬೆನ್ನುಮೂಳೆಯೂ ಕೆಡುತ್ತವೆ. ಹಂದಿಗೋಡಿನಲ್ಲಿ ಕಂಡ ರೋಗವನ್ನು ಹೋಲುವ ಹಲವು ಅಸ್ಥಿರೋಗಗಳ ಮೂಲ ಈ ಹಂದರದ ದೋಷದಲ್ಲಿಯೇ ಸಿಕ್ಕಿದೆ. ಆದುದರಿಂದ ಹಂದಿಗೋಡಿನ ಪ್ರಶ್ನೆ ಮಾತೃಕೆಯ ಸಂಶೋಧಕರ ಅಂಗಳಕ್ಕೆ ಹೊರಗಿನದಲ್ಲ.

ಈ ವಿದ್ಯೆಯ ಇತಿಹಾಸದಲ್ಲಿ ನಮ್ಮ ಎರಡು ನೆಲೆಗಳಿಗೂ ಪಾಲಿದೆ. ಕೊಲಾಜೆನ್ ಮೂರೆಳೆಯ ಹುರಿಯೆಂಬುದನ್ನು 1954ರಲ್ಲಿ ಜಗತ್ತಿಗೆ ಮೊದಲು ತೋರಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಈ ಶೋಧ ನಡೆದದ್ದು ಮದರಾಸು ವಿಶ್ವವಿದ್ಯಾಲಯದಲ್ಲಿ. ಅದಕ್ಕೆ ಕೊಲಾಜೆನ್ ಒದಗಿಸುವುದರಲ್ಲಿ ಅದೇ ಊರಿನ ಕೇಂದ್ರೀಯ ಚರ್ಮ ಸಂಶೋಧನಾಲಯ ನೆರವಾಯಿತು. ಚರ್ಮ ಹದಮಾಡುವ ವಿದ್ಯೆಯವರಿಗೂ ಭೌತಶಾಸ್ತ್ರಜ್ಞರಿಗೂ ಒಂದೇ ಊರಿನಲ್ಲಿ ನಂಟು ಬೆಸೆದುದರಿಂದ ಒಂದು ಮಹತ್ವದ ಕೆಲಸಕ್ಕೆ ದಾರಿಯಾಯಿತು ಎಂಬುದನ್ನು ನಾವು ಮರೆಯಬಾರದು. ಮರುವರ್ಷ ಕೇಂಬ್ರಿಜ್ಜಿನ ರಿಚ್ ಮತ್ತು ಕ್ರಿಕ್ ಆ ಮಾದರಿಯ ವಿವರಗಳನ್ನು ತಿದ್ದಿದರು. ಮೂಲ ಕಲ್ಪನೆ ಹಾಗೆಯೇ ಉಳಿಯಿತು. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ಅಣು ಜೈವಿಕಭೌತಶಾಸ್ತ್ರದ ಘಟಕವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದರು.

ಇನ್ನು ಈ ದಡದ ಮಾತು. ನಮ್ಮಲ್ಲಿ ಅನೇಕರು ದಿನವೂ ನೋಡುವ ಬರ್ಕ್ಲಿಯ ಗುಡ್ಡದ ಮೇಲಿನ ಲಾರೆನ್ಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ಇರಾನಿನಿಂದ ವಿದ್ಯಾರ್ಥಿನಿಯಾಗಿ ಬಂದು ಈ ನಾಡಿನಲ್ಲಿ ನೆಲೆಸಿದ ಮೀನಾ ಬಿಸೆಲ್ ಅವರು 1982ರಲ್ಲಿ ಒಂದು ದಿಟ್ಟ ವಾದವನ್ನು ಮುಂದಿಟ್ಟರು. ಹಂದರವು ಕೋಶವನ್ನು ಎತ್ತಿಹಿಡಿಯುವ ಜಡವಸ್ತುವಲ್ಲ, ಯಾವ ಜೀನ್ ಕೆಲಸ ಮಾಡಬೇಕೆಂಬುದನ್ನು ಅದು ಕೋಶಕ್ಕೆ ತಿಳಿಸುತ್ತದೆ, ಕೋಶವೂ ಹಂದರವನ್ನು ಬದಲಿಸುತ್ತದೆ ಎಂಬುದೇ ಆ ವಾದ. ಮೊದಮೊದಲು ಇದನ್ನು ಒಪ್ಪದವರೇ ಹೆಚ್ಚು. 1997ರಲ್ಲಿ ವ್ಯಾಲರಿ ವೀವರ್, ಬಿಸೆಲ್ ಮತ್ತು ಸಂಗಡಿಗರು, ಸ್ತನ ಕ್ಯಾನ್ಸರಿನ ಕೋಶಗಳು ತಮ್ಮ ಸುತ್ತಲಿನ ಹಂದರದಿಂದ ಪಡೆಯುವ ಸಂದೇಶವನ್ನು ಬದಲಿಸಿದಾಗ ಅವು ಜೀನ್ ದೋಷವಿದ್ದೂ ಸ್ವಸ್ಥ ಕೋಶಗಳಂತೆ ನಡೆದುಕೊಳ್ಳುವುದನ್ನು ಪ್ರಯೋಗಾಲಯದಲ್ಲಿ ತೋರಿಸಿದರು. ಕೊಲ್ಲಿಯ ಆಚೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯಲ್ಲಿ, 2020ರಲ್ಲಿ ತೀರಿಕೊಂಡ ಜೀನಾ ವರ್ಬ್ ಅವರು ಹಂದರವನ್ನು ಕರಗಿಸುವ ಕಿಣ್ವಗಳ ಕುರಿತು ದಶಕಗಟ್ಟಲೆ ದುಡಿದರು. ಬಿಸೆಲ್ ಅವರ ಪ್ರಯೋಗಾಲಯದಲ್ಲಿ ಪಳಗಿದ ರಾಮ್‌ರೇ ಭಟ್ ಅವರು ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ವಿದ್ಯೆಯನ್ನು ಮುಂದುವರಿಸುತ್ತಿದ್ದಾರೆ. ಬರ್ಕ್ಲಿಯಿಂದ ಬೆಂಗಳೂರಿಗೆ ದಾರಿ ಈಗಾಗಲೇ ಬಿದ್ದಿದೆ. ಬೆಂಗಳೂರಿನಿಂದ ಹಂದಿಗೋಡಿಗೆ ಅದು ಮುಂದುವರಿಯಬೇಕೆಂಬುದು ನಮ್ಮ ಆಶಯ.

ಇಲ್ಲಿ ನಾವು ಒಂದು ವಿಷಯವನ್ನು ಒತ್ತಿ ಹೇಳಬಯಸುತ್ತೇವೆ. ಇಂತಹ ರೋಗಗಳನ್ನು ಒಬ್ಬ ಮಹಾವಿಜ್ಞಾನಿ ಒಂಟಿಯಾಗಿ ಗೆಲ್ಲಲಾರ. ಮೂಳೆತಜ್ಞನಿಗೆ ರೋಗಿಯ ನಡಿಗೆ ಗೊತ್ತು, ಜೀನ್ ಗೊತ್ತಿಲ್ಲ. ಜೀನ್ ಓದುವವನಿಗೆ ಮಾತೃಕೆಯ ರಸಾಯನ ಗೊತ್ತಿಲ್ಲ. ರಸಾಯನ ಬಲ್ಲವನು ರೋಗಿಯನ್ನು ಕಂಡೇ ಇಲ್ಲ. ಅಪರೂಪದ ರೋಗವೆಂದಮೇಲೆ ಒಂದು ಆಸ್ಪತ್ರೆಗೆ ಬರುವ ರೋಗಿಗಳೂ ಬೆರಳೆಣಿಕೆಯವರೇ. ಇವರೆಲ್ಲರನ್ನೂ ಒಂದೆಡೆ ಕೂಡಿಸುವ ರಾಷ್ಟ್ರೀಯ ಜಾಲವಿಲ್ಲದೆ ಉತ್ತರ ಹೊರಡುವುದಿಲ್ಲ.

ಅಮೆರಿಕದವರು ಇದನ್ನು ಅರಿತರು. ಮೂಳೆ ಮುರಿಯುವ ರೋಗದ ಕುಟುಂಬಗಳು 1970ರಲ್ಲಿಯೂ ಮಾರ್ಫನ್ ರೋಗದ ಕುಟುಂಬಗಳು 1981ರಲ್ಲಿಯೂ ತಮ್ಮ ತಮ್ಮ ಪ್ರತಿಷ್ಠಾನಗಳನ್ನು ಕಟ್ಟಿಕೊಂಡವು. ಕೀಲು, ಮೂಳೆ, ಚರ್ಮಗಳಿಗೆಂದೇ 1986ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಪ್ರತ್ಯೇಕ ಸಂಸ್ಥೆಯೊಂದು ಸ್ಥಾಪನೆಯಾಯಿತು. ಮಾತೃಕೆಯ ಸಂಶೋಧಕರು ಅಮೆರಿಕನ್ ಸೊಸೈಟಿ ಫಾರ್ ಮ್ಯಾಟ್ರಿಕ್ಸ್ ಬಯಾಲಜಿ ಎಂಬ ಸಂಘದಲ್ಲಿ ಒಂದಾದರು. ಹಲವು ಆಸ್ಪತ್ರೆಗಳು ಒಂದೇ ಕ್ರಮದಲ್ಲಿ ರೋಗಿಗಳ ವಿವರ ಬರೆದಿಟ್ಟುಕೊಂಡು ಹಂಚಿಕೊಳ್ಳುವ ಅಪರೂಪ ರೋಗಗಳ ಜಾಲವೂ ಬೆಳೆಯಿತು. ಯುರೋಪಿನಲ್ಲಿ 2017ರಲ್ಲಿ ಇಂತಹ 24 ಜಾಲಗಳು ಆರಂಭವಾದವು. ಅವುಗಳಲ್ಲಿ ಒಂದು ಸಂಯೋಜಕ ಅಂಗಾಂಶದ ರೋಗಗಳಿಗೆ, ಇನ್ನೊಂದು ಮೂಳೆಯ ರೋಗಗಳಿಗೆ ಮೀಸಲು. ರೋಗಿಯನ್ನು ಊರೂರು ಅಲೆಸುವ ಬದಲು ತಜ್ಞರ ತಿಳಿವಳಿಕೆಯೇ ರೋಗಿಯ ಊರಿಗೆ ಹೋಗಬೇಕೆಂಬುದು ಅವುಗಳ ಹಿಂದಿನ ವಿಚಾರ. ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ, ನೋಯುವ ಸೊಂಟವನ್ನು ಹಿಡಿದು ಕುಳಿತು ಬರುವವರನ್ನು ನೆನೆದರೆ ಈ ವಿಚಾರದ ಬೆಲೆ ತಿಳಿಯುತ್ತದೆ.

ಒಂದಾಗುವುದರ ಬಲವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ದೇಶದ ಊರೂರುಗಳಲ್ಲಿ ಬಿಡಿಬಿಡಿಯಾಗಿದ್ದ ಕನ್ನಡ ಕೂಟಗಳು 1998ರಲ್ಲಿ ಅಕ್ಕ ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಅಕ್ಕದ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಒಂದು ಕೂಟದಿಂದ ಆಗದ ಕೆಲಸ ಹತ್ತು ಕೂಟಗಳಿಂದ ಆಗುತ್ತದೆಂಬುದನ್ನು ನಾವು ಉಂಡು ಬಲ್ಲೆವು. ಅದೇ ನ್ಯಾಯ ಪ್ರಯೋಗಾಲಯಗಳಿಗೂ ಅನ್ವಯಿಸುತ್ತದೆ.

ಭಾರತದಲ್ಲಿ ಏನೂ ನಡೆದಿಲ್ಲವೆಂದು ಹೇಳಿದರೆ ಅದು ಅನ್ಯಾಯವಾದೀತು. 2021ರಲ್ಲಿ ಅಪರೂಪದ ರೋಗಗಳಿಗಾಗಿ ರಾಷ್ಟ್ರೀಯ ನೀತಿಯೊಂದು ಜಾರಿಗೆ ಬಂದಿತು. ಅದರಡಿ ಮೊದಲು ಗುರುತಿಸಲಾದ ಎಂಟು ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಕೂಡಿ ಅದನ್ನು ನಡೆಸುತ್ತವೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ತಳಿವಿಜ್ಞಾನ ವಿಭಾಗ ಆನುವಂಶಿಕ ಅಸ್ಥಿರೋಗಗಳ ಬಗ್ಗೆ ಮೌಲಿಕವಾದ ಸಂಶೋಧನೆ ಮಾಡಿದೆ. ಅಂದರೆ ಕಂಬಗಳು ನಿಂತಿವೆ. ಅವುಗಳ ನಡುವೆ ಗಳು ಕಟ್ಟಿ, ಮಾತೃಕೆಯ ವಿಜ್ಞಾನಿಯಿಂದ ತಾಲ್ಲೂಕು ಆಸ್ಪತ್ರೆಯ ವೈದ್ಯರವರೆಗೆ, ಅಲ್ಲಿಂದ ರೋಗಿಯ ಮನೆಯ ಜಗಲಿಯವರೆಗೆ ಒಂದೇ ಚಪ್ಪರವಾಗುವಂತೆ ಮಾಡುವ ಕೆಲಸ ಇನ್ನೂ ಗಟ್ಟಿಯಾಗಿ ಆಗಬೇಕಾಗಿದೆ.

ಇದು ಸರ್ಕಾರದ ಕೆಲಸವಲ್ಲವೇ, ದೂರದಲ್ಲಿ ಕುಳಿತ ನಾವು ಏಕೆ ತಲೆಹಾಕಬೇಕು ಎಂಬ ಆಕ್ಷೇಪಕ್ಕೆ ನಾವು ಕಿವಿಗೊಡಲೇಬೇಕು. ಹೌದು, ಚಿಕಿತ್ಸೆ, ಪಿಂಚಣಿ, ಶಸ್ತ್ರಕ್ರಿಯೆಯ ವೆಚ್ಚ ಇವೆಲ್ಲ ಸರ್ಕಾರದ ಹೊಣೆಯೇ. ಹೊರಗಿನಿಂದ ಹಣ ಕಳುಹಿಸುವುದಕ್ಕೆ ಕಾನೂನಿನ ಕಟ್ಟುಪಾಡುಗಳೂ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಉಪಕಾರ ಮಾಡಲು ಬಂದವರೆಂಬ ಬಿಂಕದಿಂದ ಹೋದರೆ ಆ ಜನ ನಮ್ಮನ್ನು ನಂಬಬೇಕಾಗಿಲ್ಲ. ಒಂದು ಕಹಿಯಾದ ಮಾತನ್ನೂ ಸೇರಿಸಬೇಕು. ಈ ರೋಗ ಅನುಕೂಲಸ್ಥರ ಕೇರಿಯಲ್ಲಿ ಕಾಣಿಸಿಕೊಂಡಿದ್ದರೆ ನಮ್ಮಲ್ಲಿ ಎಷ್ಟೋ ಮಂದಿಗೆ ಅದರ ಹೆಸರು ಎಂದೋ ತಿಳಿದಿರುತ್ತಿತ್ತು. ಕಡಲು ದಾಟಿ ಬಂದ ನಮ್ಮ ಬಹುಪಾಲು ಕುಟುಂಬಗಳು ಆ ಕೇರಿಯಿಂದ ಬಂದವಲ್ಲ. ನಮ್ಮ ಅರಿವಿನಲ್ಲಿರುವ ಈ ಖಾಲಿ ಜಾಗಕ್ಕೆ ದೂರವೊಂದೇ ಕಾರಣವಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

ಸಾಗರವನ್ನು ಬಿಡುವ ಮುನ್ನ ಅಲ್ಲಿಯದೇ ಇನ್ನೊಂದು ಬೆಳೆಯನ್ನು ನೆನೆಯಬೇಕು, ಏಕೆಂದರೆ ಅದು ನಮ್ಮ ಮನೆಗಳವರೆಗೂ ಬಂದಿದೆ. ಸಾಗರ ಅಡಿಕೆಯ ಸೀಮೆ. ಅಡಿಕೆಯನ್ನು ದಿನವೂ ಜಗಿಯುವವರ ಬಾಯಿಯ ಒಳಪದರದ ಕೆಳಗೆ ಕೊಲಾಜೆನ್ ಅತಿಯಾಗಿ ಶೇಖರವಾಗಿ ಗಟ್ಟಿಯಾಗುತ್ತದೆ. ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಡಿಕೆಯಲ್ಲಿರುವ ಅರೆಕೊಲೀನ್ ಎಂಬ ವಸ್ತು ಹಂದರ ನೇಯುವ ಕೋಶಗಳನ್ನು ಕೆರಳಿಸುವುದು ಇದಕ್ಕೊಂದು ಕಾರಣ. ಈ ಸ್ಥಿತಿ ಬಾಯಿಯ ಕ್ಯಾನ್ಸರಿಗೆ ತಿರುಗುವ ಅಪಾಯವಿದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಮದುವೆಯ ತಾಂಬೂಲವನ್ನು ನಾವು ನಿಂದಿಸುತ್ತಿಲ್ಲ. ಅಡಿಕೆ ನಂಬಿ ಬದುಕುವ ರೈತರ ಕಷ್ಟವನ್ನೂ ಬಲ್ಲೆವು. ಆದರೆ ಇಲ್ಲಿಯ ಭಾರತೀಯ ಅಂಗಡಿಗಳಿಂದ ಪೊಟ್ಟಣಗಳಲ್ಲಿ ತಂದು ಕಾರಿನಲ್ಲಿ ಕುಳಿತು ನಿತ್ಯ ಜಗಿಯುವುದಕ್ಕೂ ಶುಭಕಾರ್ಯದ ವೀಳ್ಯಕ್ಕೂ ಅಂತರವಿದೆ. ಸಂಯೋಜಕ ಅಂಗಾಂಶದ ವಿದ್ಯೆ ಅಪರೂಪದ ರೋಗಿಗಳಿಗಷ್ಟೇ ಸಂಬಂಧಿಸಿದ್ದಲ್ಲ.

ಹಾಗಾದರೆ ನಮ್ಮಿಂದ ಏನಾದೀತು? ನಮಗೆ ತೋರುವ ಮೂರು ಕೆಲಸಗಳನ್ನು ಹೇಳುತ್ತೇವೆ.

ಮೊದಲನೆಯದು ಭಾಷೆಯ ಕೆಲಸ. ಆನುವಂಶಿಕ ರೋಗವೆಂದರೇನು, ಅರ್ಧಕ್ಕರ್ಧ ಸಂಭವವೆಂದರೇನು, ರಕ್ತದ ಮಾದರಿ ಕೊಟ್ಟರೆ ಅದನ್ನು ಏನು ಮಾಡುತ್ತಾರೆ, ಕೊಡೆನೆನ್ನುವ ಹಕ್ಕು ಇದೆಯೇ ಎಂಬುದನ್ನು ಅಜ್ಜಿಯೊಬ್ಬರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವ ಬರಹಗಳು ಬೇಕು. ನಮ್ಮ ಸದಸ್ಯರಲ್ಲಿ ವೈದ್ಯರಿದ್ದಾರೆ, ಜೀವವಿಜ್ಞಾನಿಗಳಿದ್ದಾರೆ, ಕನ್ನಡ ಕಲಿ ತರಗತಿಗಳಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರಿದ್ದಾರೆ. ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತರೆ ಇಂತಹ ಬರಹ ಸಿದ್ಧವಾಗುತ್ತದೆ. ಅದನ್ನು ಕರ್ನಾಟಕದ ತಜ್ಞರಿಂದ ತಿದ್ದಿಸಿ, ಬೇಕೆನ್ನುವ ಆಸ್ಪತ್ರೆಗೆ ಉಚಿತವಾಗಿ ಕೊಡಬಹುದು. ಮಾದರಿ ಕೊಟ್ಟವರಿಗೆ ಅದರ ಫಲಿತಾಂಶವೂ ಅವರ ನುಡಿಯಲ್ಲಿಯೇ ಹಿಂದಿರುಗಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಎರಡನೆಯದು ನಂಟು ಬೆಸೆಯುವ ಕೆಲಸ. ದಕ್ಷಿಣ ಸ್ಯಾನ್ ಫ್ರಾನ್ಸಿಸ್ಕೊದ ಔಷಧ ಕಂಪನಿಗಳಲ್ಲಿಯೂ ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳ ಪ್ರಯೋಗಾಲಯಗಳಲ್ಲಿಯೂ ದುಡಿಯುವ ನಮ್ಮವರು ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಒಂದು ದಿನವನ್ನು ಮಣಿಪಾಲಕ್ಕೋ ಶಿವಮೊಗ್ಗದ ವೈದ್ಯಕೀಯ ಕಾಲೇಜಿಗೋ ಮೀಸಲಿಡಲಿ. ಅಲ್ಲಿಯ ಕಿರಿಯ ಸಂಶೋಧಕರಿಗೆ ಇಲ್ಲಿಯ ಸಂಘಗಳ ಪರಿಚಯ ಮಾಡಿಸಲಿ. ಅವರು ಸಮ್ಮೇಳನಕ್ಕೆಂದು ಇಲ್ಲಿಗೆ ಬಂದರೆ ಉಳಿಯಲು ಮನೆಯ ಕೋಣೆ ಕೊಡಲಿ. ಕವಿಗಳಿಗೂ ಗಾಯಕರಿಗೂ ಬಾಗಿಲು ತೆರೆದ ಮನೆಗಳು ನಮ್ಮವು. ಸಂಶೋಧಕರಿಗೂ ತೆರೆಯಬಲ್ಲೆವು.

ಮೂರನೆಯದು ನಮ್ಮ ನಮ್ಮ ಮನೆಯ ಕೆಲಸ. ಅಜ್ಜಂದಿರು, ದೊಡ್ಡಮ್ಮ, ಸೋದರಮಾವ ಇವರಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬಂದಿತ್ತೆಂಬುದನ್ನು ಬರೆದಿಡೋಣ. ಹಂದಿಗೋಡಿನ ರೋಗ ಆನುವಂಶಿಕವೆಂದು ತಿಳಿದದ್ದು ಆ ಮನೆಗಳ ಹಿರಿಯರು ನೆನಪಿನಿಂದ ಹೇಳಿದ ವಂಶವೃಕ್ಷಗಳ ನೆರವಿನಿಂದ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರು ವಿಜ್ಞಾನಕ್ಕೆ ಕೊಟ್ಟ ಈ ಕೊಡುಗೆಯನ್ನು ಓದು ಬಲ್ಲ ನಾವು ನಮ್ಮ ಮಕ್ಕಳಿಗೆ ಕೊಡದೆ ಹೋದರೆ ಹೇಗೆ?

ಈ ಕೆಲಸಗಳಿಂದ ನಾಳೆಯೇ ಯಾರ ನೋವೂ ಮಾಯವಾಗುವುದಿಲ್ಲ. ಅಂತಹ ಭರವಸೆಯನ್ನು ನಾವು ಕೊಡುತ್ತಿಲ್ಲ. ಆದರೆ ಊಹೆಯಿಂದ ತಿಳಿವಿಗೆ ಬರಲು ಮತ್ತೆ ಎರಡು ದಶಕ ಹಿಡಿಯಬಾರದು. ಮುಂದಿನ ರಜೆಯಲ್ಲಿ ಜೋಗಕ್ಕೆ ಹೋಗುವವರು, ದಾರಿಯಲ್ಲಿ ಸಾಗರ ಬಂದಾಗ, ಹಂದಿಗೋಡಿನ ಹೆಸರನ್ನು ಮಕ್ಕಳಿಗೆ ಹೇಳಿರಿ. ಮೊದಲ ಕೆಲಸಕ್ಕೆ ಕೈಜೋಡಿಸಲು ಮನಸ್ಸಿರುವ ಸದಸ್ಯರು ನಮ್ಮ ಮುಂದಿನ ಮಾಸಿಕ ಸಭೆಯಲ್ಲಿ ಹೆಸರು ನೋಂದಾಯಿಸಬೇಕೆಂದು ವಿನಯದಿಂದ ಕೋರುತ್ತೇವೆ.